ಮಾಲ್ಕಮ್ ಯಂಗ್: ಲಯಗಾರನ ಸ್ಥಾನ

ವಾದ್ಯಮೇಳವೊಂದನ್ನು ವಿಮರ್ಶಿಸುವಾಗ ಮುಂದೆ ನಿಂತವನನ್ನೇ ಮೊದಲು ಗಮನಿಸುವುದು ವಾಡಿಕೆ. ರಾಕ್ ಸಂಗೀತದಲ್ಲಂತೂ ದ್ರುತಗತಿಯಲ್ಲಿ ಸ್ವರವಿಸ್ತಾರ ನಡೆಸುವ ಗಿಟಾರ್‌ವಾದಕನಿಗೇ ಕೀರ್ತಿ ಸಲ್ಲುತ್ತದೆ. ಲಯವನ್ನು ಹಿಡಿದು ನಡೆಸುವ ಇನ್ನೊಬ್ಬನು ಬರಿಯ ಪಕ್ಕವಾದ್ಯದವನೆನಿಸಿಕೊಳ್ಳುತ್ತಾನೆ. ಈ ಎಣಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಎಸಿ/ಡಿಸಿ ತಂಡದ ಮಾಲ್ಕಮ್ ಯಂಗ್‌ನ ನಿದರ್ಶನದಿಂದ ನಾವು ಪರಿಶೀಲಿಸಬಹುದು.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1953ರಲ್ಲಿ ಹುಟ್ಟಿದ ಯಂಗ್, ಹತ್ತು ವರ್ಷಗಳ ತರುವಾಯ ಕುಟುಂಬದೊಡನೆ ಆಸ್ಟ್ರೇಲಿಯಕ್ಕೆ ಬಂದನು. 1973ರಲ್ಲಿ ತಮ್ಮನಾದ ಆಂಗಸ್‌ನೊಡಗೂಡಿ ಸಿಡ್ನಿಯಲ್ಲಿ ಈ ತಂಡವನ್ನು ಕಟ್ಟಿದನು. ಶಾಲಾಬಾಲಕನ ಉಡುಪು ತೊಟ್ಟು ವೇದಿಕೆಯ ಉದ್ದಗಲಕ್ಕೂ ಓಡಾಡುವ ಆಂಗಸ್‌ನ ಮೇಲೆಯೇ ಸಭಿಕರ ಕಣ್ಣು. ಅಣ್ಣನಾದರೋ ಹಿಂದೆ ಧ್ವನಿವರ್ಧಕಗಳ ಬಳಿ ನಿಂತು, ಪಲ್ಲವಿಗೆ ದನಿಗೂಡಿಸಲು ಮಾತ್ರ ಮುಂದಕ್ಕೆ ಬಂದು ಮರಳುತ್ತಿದ್ದನು.

ಅವನ ವಾದನದ ಮುಖ್ಯ ಗುಣ ಔಚಿತ್ಯ. ದಪ್ಪ ತಂತಿಗಳನ್ನು ಬಿಗಿದ ತನ್ನ ಗ್ರೆಚ್ ಗಿಟಾರಿನಲ್ಲಿ, ತಂತಿಯ ಕಂಪನವನ್ನು ಗ್ರಹಿಸುವ ಪಿಕಪ್‌ಗಳ ಪೈಕಿ ಕುದುರೆಯ ಬಳಿಯದೊಂದನ್ನೇ ಉಳಿಸಿಕೊಂಡು ಮಿಕ್ಕುದನ್ನು ಅವನು ತೆಗೆದುಹಾಕಿದನು. ನಾದವನ್ನು ಅತಿಯಾಗಿ ಒರಟುಗೊಳಿಸದ ಕಾರಣ, ಬಲವಾಗಿ ಮೀಟಿದಾಗಲೂ ಸ್ವರಪುಂಜದ ಒಂದೊಂದು ಸ್ವರವೂ ಬಿಡಿಯಾಗಿ ಕೇಳುತ್ತದೆ. 1980ರ 'ಬ್ಯಾಕ್ ಇನ್ ಬ್ಲ್ಯಾಕ್' ಹಾಡಿನ ಆರಂಭವನ್ನು ಗಮನಿಸಬೇಕು. ಇ, ಡಿ, ಎ ಎಂಬ ಮೂರೇ ಸ್ವರಪುಂಜಗಳು. ಅವುಗಳ ನಡುನಡುವೆ ಮೌನ. ಆ ಬಿಡುವುಗಳನ್ನು ತುಂಬಿಬಿಟ್ಟರೆ ಹಾಡಿನ ನಡೆಯೇ ಕೆಟ್ಟೀತು. ಎಲ್ಲಿ ಮೀಟಬೇಕೆಂಬಷ್ಟೇ ಖಚಿತವಾಗಿ ಎಲ್ಲಿ ಮೀಟಬಾರದೆಂಬುದನ್ನೂ ಅರಿತಿರುವುದೇ ಲಯಗಾರನ ಪ್ರತಿಭೆ.

ಈ ತಂಡದ ಹಾಡುಗಳೆಲ್ಲ ಒಂದೇ ಬಗೆಯವೆಂಬ ಆಕ್ಷೇಪವುಂಟು. ಅದನ್ನು ನಾವು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ಯಂಗ್‌ನ ಕ್ಷೇತ್ರ ಕಿರಿದು, ಹೊಸ ಪ್ರಯೋಗಗಳಲ್ಲಿ ಅವನಿಗೆ ಆಸಕ್ತಿಯಿರಲಿಲ್ಲ. ಆದರೆ ಕ್ಷೇತ್ರದ ಕಿರಿದುತನ ಬೇರೆ, ಸತ್ತ್ವದ ಕೊರತೆ ಬೇರೆ. ಗಾಯಕ ಬಾನ್ ಸ್ಕಾಟ್ 1980ರಲ್ಲಿ ಮರಣಹೊಂದಿ ಬ್ರಯನ್ ಜಾನ್ಸನ್ ಆ ಸ್ಥಾನಕ್ಕೆ ಬಂದಾಗಲೂ ತಂಡದ ಸ್ವರೂಪ ಕೆಡದೆ ಉಳಿದುದು ಈ ಲಯದ ಬಲದಿಂದಲೇ ಎಂದು ನಮ್ಮ ಅಭಿಪ್ರಾಯ.

ಕಡೆಗಾಲದಲ್ಲಿ ಯಂಗ್‌ಗೆ ಮರೆವಿನ ರೋಗ ತಗುಲಿತು. 2008ರಿಂದ 2010ರವರೆಗಿನ ಸಂಚಾರದಲ್ಲಿ, ತಾನೇ ರಚಿಸಿದ ಹಾಡುಗಳನ್ನು ಅವನು ಮತ್ತೆ ಕಲಿತು ನುಡಿಸಬೇಕಾಯಿತು. ಹಾಗಿದ್ದೂ ನುಡಿಸಿದನು. 2014ರಲ್ಲಿ ನಿವೃತ್ತನಾಗಿ, 2017ರ ನವೆಂಬರ್ 18ರಂದು ತೀರಿಕೊಂಡನು. ಅವನ ಸ್ಥಾನದಲ್ಲಿ ನಿಂತವನು ಅಣ್ಣನ ಮಗ ಸ್ಟೀವಿ ಯಂಗ್. 2020ರ 'ಪವರ್ ಅಪ್' ಸಂಪುಟದ ಎಲ್ಲ ಹಾಡುಗಳಿಗೂ ರಚನಕಾರರೆಂದು ಆಂಗಸ್, ಮಾಲ್ಕಮ್ ಇಬ್ಬರ ಹೆಸರೂ ಇವೆ. ವೇದಿಕೆಯ ಮೇಲೆ ಹಿಂದೆ ನಿಂತವನು ಕೃತಿಯಲ್ಲಿ ಹಿಂದೆ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಮೇಳವನ್ನು ವಿಮರ್ಶಿಸುವವರು ಕಣ್ಣಿಗೆ ಮೊದಲು ಬೀಳುವುದನ್ನಷ್ಟೇ ನೆಚ್ಚದೆ, ಕಿವಿಗೊಟ್ಟು ಕೇಳಿ ತೀರ್ಪು ಕೊಡಬೇಕು.