ಕಾಡಿನ ಕ್ಯಾಂಪೂ, ಕೊಡಲಿಯೂ, ನೋಡುಗರ ತೀರ್ಪೂ



ಕುಮಾರವ್ಯಾಸ, ಕಾರಂತ, ಅನಂತಮೂರ್ತಿ ಅಂತ ಮಾತಾಡಿಕೊಂಡಿರುವ ನಮ್ಮ ಅಂಚೆಯಲ್ಲಿ ಕೊಚ್ಚಿ ಕೊಲ್ಲುವ ಸಿನಿಮಾದ ಬಗ್ಗೆ ಬರಹವೇ ಅಂತ ಕೆಲವರು ಹುಬ್ಬೇರಿಸಬಹುದು. ಏರಿಸಿದ ಹುಬ್ಬನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ಓದಿ. ನಾನು ಕೇಳಹೊರಟಿರುವುದು ಸಾಹಿತ್ಯದ ಪ್ರಶ್ನೆಯೇ: ಒಂದು ಕೃತಿಯನ್ನು ವಿಮರ್ಶಕರು ಕಸ ಅಂದು, ಜನ ಮುಗಿಬಿದ್ದು ನೋಡಿದರೆ, ಯಾರ ಮಾತನ್ನು ನಂಬಬೇಕು?

ಉದಾಹರಣೆ ನಮ್ಮ ಹಿತ್ತಲಲ್ಲೇ ಇದೆ. ಈಸ್ಟ್ ಬ್ರನ್ಸ್‌ವಿಕ್‌ನಿಂದ 287 ಹಿಡಿದು 80ಕ್ಕೆ ತಿರುಗಿದರೆ ಒಂದೂವರೆ ಗಂಟೆಯೊಳಗೆ ಬ್ಲೇರ್ಸ್‌ಟೌನ್ ಸಿಗುತ್ತದೆ. ಡೆಲವೇರ್ ವಾಟರ್ ಗ್ಯಾಪ್‌ಗೆ ಪುಳಿಯೋಗರೆ ಕಟ್ಟಿಕೊಂಡು ಹೋದವರೆಲ್ಲ ಅದರ ಪಕ್ಕದಲ್ಲೇ ಹಾದುಹೋಗಿರುತ್ತೀರಿ. ಆ ಊರಿನಲ್ಲೂ, ಹತ್ತಿರದ ಹೋಪ್‌ನಲ್ಲೂ, ಹಾರ್ಡ್‌ವಿಕ್‌ನ ನೋ-ಬಿ-ಬಾಸ್ಕೋ ಎಂಬ ಬಾಯ್ ಸ್ಕೌಟ್ ಕ್ಯಾಂಪಿನಲ್ಲೂ 1979ರ ಶರತ್ಕಾಲದಲ್ಲಿ ಒಂದು ಸಿನಿಮಾ ತೆಗೆದರು. ಹೆಸರು 'ಫ್ರೈಡೇ ದ ಥರ್ಟೀನ್ತ್'. ನಿರ್ದೇಶಕ ಶಾನ್ ಕನಿಂಗ್‌ಹ್ಯಾಮ್, ಬರೆದವರು ವಿಕ್ಟರ್ ಮಿಲ್ಲರ್. ಚಿತ್ರಕಥೆ ಸಿದ್ಧವಾಗುವ ಮೊದಲೇ ಕನಿಂಗ್‌ಹ್ಯಾಮ್ 'ವೆರೈಟಿ' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು: ಜಗತ್ತಿನ ಅತ್ಯಂತ ಭಯಾನಕ ಚಿತ್ರ ಬರುತ್ತಿದೆ ಅಂತ. ಮಗು ಹುಟ್ಟುವ ಮೊದಲು ಕುಲಾವಿ ಹೊಲಿಸುವುದು ನಮ್ಮಲ್ಲಿ ಮಾತ್ರ ಇರುವ ರೂಢಿಯಲ್ಲ, ನೋಡಿ!

ಖರ್ಚು ಸುಮಾರು ಐದೂವರೆ ಲಕ್ಷ ಡಾಲರ್. 1980ರ ಮೇ 9ರಂದು ಪ್ಯಾರಾಮೌಂಟ್ ಸಂಸ್ಥೆ ಅದನ್ನು ಸುಮಾರು 1,100 ಪರದೆಗಳಲ್ಲಿ ಬಿಡುಗಡೆ ಮಾಡಿತು. ಅಮೆರಿಕವೊಂದರಲ್ಲೇ ಬಂದದ್ದು ಸುಮಾರು 3 ಕೋಟಿ 97 ಲಕ್ಷ ಡಾಲರ್. ಎಪ್ಪತ್ತು ಪಟ್ಟು! ವಿಮರ್ಶಕರಂತೂ ಬೆಂಕಿ ಕಾರಿದರು. ಷಿಕಾಗೋ ಟ್ರಿಬ್ಯೂನ್‌ನ ಜೀನ್ ಸಿಸ್ಕೆಲ್ ಕೊಲೆಗಾರ ಯಾರೆಂದು ಬೇಕೆಂದೇ ತಮ್ಮ ಅಂಕಣದಲ್ಲಿ ಬಯಲು ಮಾಡಿದರು, ಜನ ನೋಡದಿರಲಿ ಅಂತ. ಅದಕ್ಕೂ ತೃಪ್ತಿಯಾಗದೆ, ನಟಿ ಬೆಟ್ಸಿ ಪಾಮರ್‌ಗೂ ಪ್ಯಾರಾಮೌಂಟ್‌ನ ಮಾಲೀಕ ಕಂಪನಿಯ ಮುಖ್ಯಸ್ಥರಿಗೂ ಪ್ರತಿಭಟನೆಯ ಪತ್ರ ಬರೆಯಿರಿ ಅಂತ ಓದುಗರಿಗೆ ಕರೆ ಕೊಟ್ಟರು. ಗೋಲ್ಡನ್ ರಾಸ್ಪ್‌ಬೆರಿ ಎಂಬ ಅಣಕು ಪ್ರಶಸ್ತಿಯ ಮೊದಲ ವರ್ಷದಲ್ಲೇ ಇದು ಅತಿ ಕೆಟ್ಟ ಚಿತ್ರದ ಪಟ್ಟಿಗೆ ಸೇರಿತು. ಜನ ಮಾತ್ರ ಕ್ಯೂ ನಿಂತರು.

ಕಥೆಯನ್ನು ಎರಡು ಸಾಲಲ್ಲಿ ಹೇಳುತ್ತೇನೆ. (ಕೊನೆಯನ್ನೂ ಹೇಳುತ್ತೇನೆ, ಸಿಸ್ಕೆಲ್ ಮಹಾಶಯರು 1980ರಲ್ಲೇ ಹೇಳಿಬಿಟ್ಟಿರುವುದರಿಂದ ಆ ಪಾಪ ನನಗೆ ಅಂಟದು.) 1957ರಲ್ಲಿ ಮಕ್ಕಳ ಬೇಸಿಗೆ ಶಿಬಿರವೊಂದರ ಕೆರೆಯಲ್ಲಿ ಜೇಸನ್ ಎಂಬ ಹುಡುಗ ಮುಳುಗುತ್ತಾನೆ, ನೋಡಿಕೊಳ್ಳಬೇಕಾದ ಹರೆಯದವರು ಆಗ ತಮ್ಮ ಸರಸದಲ್ಲಿರುತ್ತಾರೆ. ವರ್ಷಗಳ ಮೇಲೆ ಶಿಬಿರ ಮತ್ತೆ ತೆರೆಯಹೊರಟಾಗ ಹೊಸ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಕೊಲೆಯಾಗುತ್ತಾರೆ. ಕೊಂದವಳು ಆ ಹುಡುಗನ ತಾಯಿ. ಉಳಿಯುವುದು ಆಲಿಸ್ ಎಂಬ ಒಬ್ಬಳೇ.

ಇಂಥ ಚಿತ್ರಗಳ ಬಗ್ಗೆ ನೋಡುಗರ ಅಭಿಪ್ರಾಯ ಏನು ಅಂತ ಹುಡುಕಹೊರಟರೆ ಮೊದಲು ಸಿಗುವುದು ಅಂಕಿ. ಈ ಚಿತ್ರಕ್ಕೆ ನೋಡುಗರ ಸರಾಸರಿ ಅಂಕ ಹತ್ತಕ್ಕೆ ಆರರ ಆಸುಪಾಸು. ಡೇಟಾಬೇಸಿನ ಜೊತೆ ದಿನವಿಡೀ ಗುದ್ದಾಡುವ ನನ್ನಂಥವನಿಗೆ ಸರಾಸರಿ ಅಂದರೆ ಕೊಂಚ ಅನುಮಾನ. ಒಬ್ಬ ಹತ್ತು ಕೊಟ್ಟು ಇನ್ನೊಬ್ಬ ಎರಡು ಕೊಟ್ಟರೆ ಸರಾಸರಿ ಆರು. ಆದರೆ ಆರು ಅಂದವರು ಯಾರೂ ಇಲ್ಲ! ಭಯದ ಸಿನಿಮಾಗಳ ಪಾಡು ಬಹುಮಟ್ಟಿಗೆ ಇದೇ. ಬಿಡುಗಡೆಯ ರಾತ್ರಿ ಚಿತ್ರಮಂದಿರದ ಬಾಗಿಲಲ್ಲಿ ನಿಂತು ಅಭಿಪ್ರಾಯ ಕೇಳುವ ಸಿನಿಮಾಸ್ಕೋರ್ ಸಂಸ್ಥೆ 2018ರ 'ಹೆರೆಡಿಟರಿ'ಗೆ ಕೊಟ್ಟದ್ದು ಡಿ ಪ್ಲಸ್. ವಿಮರ್ಶಕರು ಅದನ್ನು ಎತ್ತಿ ಹೊತ್ತಿದ್ದರು. ಅಲ್ಲಿ ಕಥೆ ಪೂರ್ತಿ ತಿರುಗುಮುರುಗು. ಅಂದಮೇಲೆ ಜನ ಮತ್ತು ವಿಮರ್ಶಕರು ಯಾವುದನ್ನು ಅಳೆಯುತ್ತಿದ್ದಾರೆ ಎಂಬುದೇ ಬೇರೆ ಬೇರೆ ಇರಬೇಕು.

ಅಂಕಿಗಿಂತ ಮಾತು ವಾಸಿ. ಹೋದ ಚಳಿಗಾಲದಲ್ಲಿ ಗೆಳೆಯರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಏಳೆಂಟು ಜನ ಸೇರಿ ಇದನ್ನು ನೋಡಿದೆವು. ಹೈಸ್ಕೂಲಿನ ಹುಡುಗನೊಬ್ಬ "ಇದ್ರಲ್ಲಿ ಹೆದ್ರೋದೇನಿದೆ ಅಂಕಲ್, ಬರೀ ನಿಧಾನ" ಅಂತ ಫೋನಿನೊಳಗೆ ಮುಖ ಹುದುಗಿಸಿದ. ಕೊನೆಯಲ್ಲಿ ಕೆರೆಯಿಂದ ಮಗು ಚಿಮ್ಮಿ ಬಂದಾಗ ಸೋಫಾದಿಂದ ಮೊದಲು ಹಾರಿದವನೂ ಅವನೇ. ನನ್ನ ವಯಸ್ಸಿನ ಗೆಳೆಯನಿಗೆ ಬಾಣದ ದೃಶ್ಯ ಬಿಟ್ಟರೆ ಬೇರೇನೂ ಬೇಡ. ಶಿವಮೊಗ್ಗದಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಕಣ್ಣಿಗೆ ಸೆರಗು ಹಿಡಿದುಕೊಂಡೇ ನೋಡಿದವರು, ಮುಗಿದಮೇಲೆ ಅಂದದ್ದು ಇಷ್ಟು: "ಅವಳು ಮಾಡಿದ್ದು ತಪ್ಪೇ ಕಣಪ್ಪಾ. ಆದ್ರೆ ಮಗು ಮುಳುಗೋವಾಗ ನೋಡ್ಕೊಳ್ಳೋರು ಎಲ್ಲಿದ್ರು?"

ಆಕೆಯ ಈ ಮಾತನ್ನು ನಾನು ಯಾವ ವಿಮರ್ಶೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನಮ್ಮ ದೆವ್ವದ ಕಥೆಗಳಲ್ಲಿ ದೆವ್ವಕ್ಕೊಂದು ದೂರು ಇರುತ್ತದೆ. ಬ್ಲೇರ್ಸ್‌ಟೌನಿನಲ್ಲಿ ಈ ಚಿತ್ರ ತೆಗೆದ 1979ರಲ್ಲೇ ಕನ್ನಡದಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ 'ನಾ ನಿನ್ನ ಬಿಡಲಾರೆ' ಬಂತು. ಅಲ್ಲಿ ಕಾಡುವವಳಿಗೂ ಒಂದು ಹಿಂದಿನ ಲೆಕ್ಕ ಬಾಕಿ ಇದೆ. ಕೊನೆಗೆ ಮಂತ್ರಾಲಯದ ರಾಯರ ಕೃಪೆ ಆ ಲೆಕ್ಕವನ್ನು ತೀರಿಸುತ್ತದೆ. ಇಲ್ಲಿ ತಾಯಿಗೂ ಬಾಕಿ ಇದೆ, ಆದರೆ ತೀರಿಸಲು ರಾಯರಿಲ್ಲ. ಅವಳು ಕೊಲ್ಲುವುದು ಮಗನನ್ನು ಮರೆತವರನ್ನಲ್ಲ, ಆ ಕೆಲಸಕ್ಕೆ ಹೊಸದಾಗಿ ಸೇರಿದವರನ್ನು. ದೂರು ನ್ಯಾಯವಾದದ್ದು, ವಿಳಾಸ ತಪ್ಪಾದದ್ದು. ಸಂಗೀತಗಾರ ಹ್ಯಾರಿ ಮ್ಯಾನ್‌ಫ್ರೆಡೀನಿ ಮಾಡಿದ 'ಕಿ ಕಿ ಕಿ, ಮ ಮ ಮ' ಎಂಬ ಪಿಸುಗುಟ್ಟು ಎಲ್ಲರಿಗೂ ಗೊತ್ತು. ಅದು 'ಅವಳನ್ನು ಕೊಲ್ಲಮ್ಮಾ' ಅಂತ ತಾಯಿಯ ತಲೆಯೊಳಗೆ ಸತ್ತ ಮಗ ಹೇಳುವ ಇಂಗ್ಲಿಷ್ ಮಾತಿನ ಚೂರುಗಳು. ಕೊಲೆಗಾರ್ತಿ ಹತ್ತಿರವಿದ್ದಾಗ ಮಾತ್ರ ಕೇಳುತ್ತದೆ. ಅಗ್ಗದ ಚಿತ್ರದೊಳಗೆ ಇಷ್ಟು ದುಃಖ ಅಡಗಿದೆ ಎಂಬುದನ್ನು ಹೇಳಲು ನಮಗೆ ಆ ಹಿರಿಯರೇ ಬೇಕಾಯಿತು.

ಇನ್ನು ಬಾಣದ ಗೆಳೆಯನ ಮಾತು. ಮಂಚದ ಮೇಲೆ ಮಲಗಿದ ಕೆವಿನ್ ಬೇಕನ್ ಗಂಟಲಿನಿಂದ ಬಾಣದ ಮೊನೆ ಹೊರಬರುವ ದೃಶ್ಯ ಅದು. ಮಾಡಿದವರು ಟಾಮ್ ಸವೀನಿ. ನಟನ ತಲೆ ಮಾತ್ರ ಮಂಚದ ತೂತಿನಿಂದ ಮೇಲೆ, ಕತ್ತು ಎದೆ ಎಲ್ಲಾ ನಕಲಿ. ಚಿತ್ರೀಕರಣದ ಹೊತ್ತಿಗೆ ರಕ್ತದ ಕೊಳವೆ ಪಂಪಿನಿಂದ ಕಳಚಿಕೊಂಡಿತು. ಸಹಾಯಕ ಥಟ್ಟನೆ ಅದನ್ನು ಬಾಯಿಗಿಟ್ಟು ಊದಿದ. ಹಾಗಾಗಿಯೇ ರಕ್ತ ಆ ಪರಿ ಚಿಮ್ಮಿತು. ಈ ಚಿತ್ರದ ಅಭಿಮಾನಿಗಳು ಕೊಲೆಯನ್ನು ಹೊಗಳುತ್ತಾರೆ ಅಂತ ನಾವು ಗಾಬರಿಯಾಗುತ್ತೇವೆ, ಆದರೆ ಕಿವಿಗೊಟ್ಟು ಕೇಳಿದರೆ ಅವರು ಹೊಗಳುವುದು ಬಹಳ ಸಲ ಕೈಚಳಕವನ್ನು. ನಮ್ಮ ಆಲಂಕಾರಿಕರ ಮಾತಲ್ಲಿ ಹೇಳುವುದಾದರೆ, ಭೀಭತ್ಸವನ್ನು ನೋಡಲು ಬಂದವನು ಅದ್ಭುತವನ್ನು ಮನೆಗೆ ಒಯ್ಯುತ್ತಿದ್ದಾನೆ.

ಭರತ ತನ್ನ ನಾಟ್ಯಶಾಸ್ತ್ರದಲ್ಲಿ ಯುದ್ಧ, ಮರಣಗಳನ್ನು ಅಂಕದಲ್ಲಿ ನೇರ ತೋರಿಸಬೇಡ, ಪ್ರವೇಶಕದಲ್ಲಿ ಸೂಚಿಸು ಅನ್ನುತ್ತಾನೆ. ನಮ್ಮ ಯಕ್ಷಗಾನ ಅದನ್ನು ಕೇಳಲಿಲ್ಲ. ಭೀಮ ದುಶ್ಶಾಸನನ ಎದೆ ಬಗೆಯುತ್ತಾನೆ, ನರಸಿಂಹ ಹಿರಣ್ಯಕಶಿಪುವನ್ನು ಸೀಳುತ್ತಾನೆ. ಬೆಳಗಿನ ಜಾವ ಮಡಿಲಲ್ಲಿ ಮಕ್ಕಳನ್ನಿಟ್ಟುಕೊಂಡೇ ಜನ ಅದನ್ನು ನೋಡುತ್ತಾರೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ದುಶ್ಶಾಸನ ಸಾಯುವ ಮೊದಲು ರಾತ್ರಿಯಿಡೀ ಮಾತಾಡಿರುತ್ತಾನೆ, ಕುಣಿದಿರುತ್ತಾನೆ, ಅವನಿಗೊಂದು ಬಣ್ಣ, ಒಂದು ಅಹಂಕಾರ ಇದೆ. ಕೆವಿನ್ ಬೇಕನ್ ಆಡಿದ ಪಾತ್ರದ ಹೆಸರೇನು? ನಮ್ಮ ಬೇಸ್‌ಮೆಂಟಿನಲ್ಲಿ ಚಿತ್ರ ಮುಗಿದ ಐದು ನಿಮಿಷಕ್ಕೆ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. (ಜ್ಯಾಕ್.) ಇಲ್ಲಿ ನಾನು ಅರ್ಧ ಸಿಸ್ಕೆಲ್ ಕಡೆಗೆ ವಾಲುತ್ತೇನೆ. ಈ ಚಿತ್ರದ ದೋಷ ರಕ್ತವಲ್ಲ. ಸತ್ತವರು ಸಾಯುವ ಮೊದಲು ಬದುಕಿರಲಿಲ್ಲ ಎಂಬುದು.

ಆದರೆ ಇನ್ನರ್ಧಕ್ಕೆ ಒಪ್ಪುವುದಿಲ್ಲ. ಅದೇ 1980ರಲ್ಲಿ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ ತಮ್ಮ ಟೀವಿ ಕಾರ್ಯಕ್ರಮದ ಒಂದು ಕಂತನ್ನು ಇಂಥ ಚಿತ್ರಗಳಿಗೇ ಮೀಸಲಿಟ್ಟು ವಾದಿಸಿದ್ದು: ಕ್ಯಾಮೆರಾ ಕೊಲೆಗಾರನ ಕಣ್ಣಾಗುತ್ತದೆ, ನೋಡುಗ ಕೊಲೆಗಾರನ ಪಕ್ಷ ಸೇರುತ್ತಾನೆ, ಸಾಯುವುದು ಹೆಣ್ಣು. ತಳ್ಳಿಹಾಕುವ ಮಾತಲ್ಲ. ಇದಕ್ಕೆ ಉತ್ತರ ಕೊಟ್ಟವರು ಕ್ಯಾರಲ್ ಕ್ಲೋವರ್, ಬರ್ಕ್ಲಿಯಲ್ಲಿ ಹಳೆಯ ನಾರ್ಸ್ ಸಾಹಿತ್ಯದ ವಿದ್ವಾಂಸೆ. ಈ ಚಿತ್ರಗಳನ್ನು ಜನಪದ ಕಥೆಗಳಂತೆ ಓದಬೇಕು ಅಂದರು ಆಕೆ. ಮೂಲಪಾಠವೆಂಬುದಿಲ್ಲ, ಪಾಠಾಂತರಗಳು ಮಾತ್ರ. 1987ರ ಲೇಖನದಲ್ಲೂ 1992ರ ಪುಸ್ತಕದಲ್ಲೂ ಆಕೆ ತೋರಿಸಿದ್ದು ಇದು: ಕೊಲೆಗಾರನ ಕಣ್ಣಿಂದ ನೋಡಲು ಶುರುಮಾಡಿದ ಹುಡುಗರೇ ಕೊನೆಗೆ ಉಳಿಯುವ ಹುಡುಗಿಯ ಕಡೆಗೆ ಬಂದು, ಅವಳ ಭಯವನ್ನು ತಾವೇ ಪಟ್ಟು, ಅವಳು ಗೆಲ್ಲಲಿ ಅಂತ ಕೂಗುತ್ತಾರೆ. ನೋಡುಗರ ಅಭಿಪ್ರಾಯ ಒಂದೇ ಚಿತ್ರದೊಳಗೆ ಪಕ್ಷಾಂತರ ಮಾಡುತ್ತದೆ. ಒಬ್ಬರೇ ಕುಳಿತು ಟಿಪ್ಪಣಿ ಮಾಡಿಕೊಳ್ಳುವ ವಿಮರ್ಶಕರಿಗೆ ಇದು ಕಾಣುವುದು ಕಷ್ಟ. "ಅಯ್ಯೋ, ಆ ಬಾಗಿಲು ತೆಗೀಬೇಡ್ವೇ!" ಅಂತ ಪಕ್ಕದವರು ಕೂಗುವಾಗ ಕಾಣುತ್ತದೆ.

ಕನ್ನಡದಲ್ಲೂ ಸಣ್ಣ ಬಜೆಟ್ಟಿನ ಭಯ ಬಂದಿದೆ. 2013ರ '6-5=2', ಕೆ. ಎಸ್. ಅಶೋಕ ನಿರ್ದೇಶನದ್ದು. ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬಂತೆ, ಗುರುತಿಲ್ಲದ ಮುಖಗಳನ್ನಿಟ್ಟು ಮಾಡಿದರು. ಇದು ನಿಜವಾ ಸುಳ್ಳಾ ಎಂಬ ಚರ್ಚೆಯೇ ಅದರ ಪ್ರಚಾರವಾಯಿತು. ಅದಕ್ಕೆ ಒಂದು ವರ್ಷ ಮೊದಲು ಬಂದು ಗೆದ್ದ 'ದಂಡುಪಾಳ್ಯ' ಇದರ ತಿರುವುಮುರುವು: ಅಲ್ಲಿ ಗ್ಯಾಂಗೂ ನಿಜ, ಸತ್ತವರೂ ನಿಜ, ಅವರ ಮನೆಯವರು ಇಂದಿಗೂ ಇರಬಹುದು. ಅಲ್ಲಿ ಶಿಳ್ಳೆ ಹೊಡೆಯುವುದು ಬೇರೆ ಮಾತು. ಕ್ರಿಸ್ಟಲ್ ಲೇಕಿನ ಕೊಡಲಿಗೆ ಶಿಳ್ಳೆ ಹೊಡೆದ ಹುಡುಗನಿಗೆ ಅದು ಆಟ ಅಂತ ಗೊತ್ತು. ದಂಡುಪಾಳ್ಯದಲ್ಲಿ ಅದು ಆಟ ಅಂತ ನಾವು ನಟಿಸಬೇಕಾಗುತ್ತದೆ.

ಕಾಲ ಕೊಡುವ ತೀರ್ಪು ಇನ್ನೂ ವಿಚಿತ್ರ. 1996ರ 'ಸ್ಕ್ರೀಮ್' ಚಿತ್ರದ ಮೊದಲ ದೃಶ್ಯದಲ್ಲಿ ಕೊಲೆಗಾರ ಫೋನಿನಲ್ಲಿ ಕೇಳುತ್ತಾನೆ, 'ಫ್ರೈಡೇ ದ ಥರ್ಟೀನ್ತ್'ನಲ್ಲಿ ಕೊಂದವರು ಯಾರು ಅಂತ. ಹುಡುಗಿ ಜೇಸನ್ ಅನ್ನುತ್ತಾಳೆ. ತಪ್ಪು! ಮಗ ಕೊಲೆಗಾರನಾದದ್ದು 1981ರ ಎರಡನೇ ಭಾಗದಿಂದ, ಹಾಕಿ ಮುಖವಾಡ ಬಂದದ್ದು 1982ರ ಮೂರನೆಯದರಲ್ಲಿ. 2009ರ ಹೊತ್ತಿಗೆ ಹನ್ನೆರಡು ಚಿತ್ರಗಳಾದವು. ಮುಖವಾಡದ ಮಗ ಜಗತ್ಪ್ರಸಿದ್ಧ, ಅಳುತ್ತಿದ್ದ ತಾಯಿ ರಸಪ್ರಶ್ನೆಯ ಒಂದು ಉತ್ತರ. ಸಿಸ್ಕೆಲ್ ಬಯಲು ಮಾಡಿದ ಗುಟ್ಟನ್ನು ಜನ ತಾವಾಗಿಯೇ ಮರೆತರು!

ಹಾಗಾದರೆ ಯಾರ ಮಾತನ್ನು ನಂಬುವುದು? ಜನ ಸೇರಿದರು ಅಂದಮಾತ್ರಕ್ಕೆ ಕೃತಿ ದೊಡ್ಡದಾಗುವುದಿಲ್ಲ. ಆದರೆ ಜನ ಯಾಕೆ ಸೇರಿದರು ಅಂತ ಕೇಳದ ವಿಮರ್ಶೆ ಅರ್ಧ ಪಠ್ಯವನ್ನಷ್ಟೇ ಓದಿದೆ. ಸಹೃದಯ ಅಂದರೆ ಒಬ್ಬನೇ ಅಂತ ನಾವು ಏಕವಚನದಲ್ಲಿ ಬಳಸಿ ಬಳಸಿ ರೂಢಿಯಾಗಿದೆ. ಆ ರಾತ್ರಿ ನಮ್ಮಲ್ಲಿ ಮೂವರಿದ್ದರು: ಬೆಚ್ಚಿದವನೊಬ್ಬ, ಕೈಚಳಕ ಕಂಡವನೊಬ್ಬ, ತಾಯಿಯನ್ನು ಕಂಡವರೊಬ್ಬರು. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಬೇಡಿ. ಮೂವರನ್ನೂ ಕೂರಿಸಿ ಮಾತಾಡಿಸಿ. ವಿಮರ್ಶೆ ಶುರುವಾಗಬೇಕಾದ್ದು ಅಲ್ಲಿಂದ.

ಒಪ್ಪದವರು ಖಂಡಿತ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗವಿದೆ. ಕೊಡಲಿ ಮಾತ್ರ ತರಬೇಡಿ.