ಬದುವಿನ ಹುಲ್ಲು ಮತ್ತು ನಮ್ಮ ವಿಮರ್ಶೆ

ಕಳೆದ ವರ್ಷ ತರಗತಿಯಲ್ಲಿ ಗೋವಿನ ಹಾಡಿನ ಬಗ್ಗೆ ಮಾತಾಡುತ್ತಿದ್ದೆ. ಸತ್ಯ, ಮಾತೃತ್ವ, ಕರುಣೆ ಅಂತ ಎಲ್ಲರಂತೆ ನಾನೂ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಸಾರ್, ಪುಣ್ಯಕೋಟಿಗೆ ವಯಸ್ಸಾದ್ಮೇಲೆ ಏನ್ಮಾಡುದ್ರು? ಅದರ ಕರು ಹೋರಿಗರು ಆಗಿದ್ರೆ?' ಎಂದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ದನ ಸಾಕಿದ ಮನೆಯ ಹುಡುಗನ ಪ್ರಶ್ನೆ ಅದು. ನಮ್ಮ ವಿಮರ್ಶೆ ಅದನ್ನು ಕೇಳಿದ್ದು ಕಡಿಮೆ.

ನಮ್ಮದು ಒಂದೂವರೆ ಎಕರೆ ಮಳೆ ನಂಬಿದ ಹೊಲ. ಅಪ್ಪ ಹೋರಿಗರು ತಂದು ಸಾಕಿ, ಉಳುಮೆಗೆ ಪಳಗಿಸಿ, ವರ್ಷಗಟ್ಟಲೆ ದುಡಿಸಿ, ವಯಸ್ಸಾದ ಮೇಲೆ ಸಂತೆಗೆ ಹೊಡೆಯುತ್ತಿದ್ದ. ಅವು ಎಲ್ಲಿಗೆ ಹೋಗುತ್ತವೆ ಅನ್ನೋದು ಮನೆಯಲ್ಲಿ ಗುಟ್ಟಾಗಿರಲಿಲ್ಲ. 2018ರಲ್ಲಿ ನನ್ನ ಎಂ.ಎ. ಫೀಸು ಕಟ್ಟಿದ್ದು ಹಾಗೆ ಮಾರಿದ ಒಂದು ಜೊತೆ ಎತ್ತಿನ ದುಡ್ಡಿನಲ್ಲಿ. ಅವು ಹೋದ ದಿನ ಅವ್ವ ಉಣ್ಣಲಿಲ್ಲ. ಮುಂದಿನ ಭಾನುವಾರ ಪೇಟೆಯಿಂದ ತಂದ ದನದ ಬಾಡಿನ ಸಾರೂ ಆಯಿತು. ಶಿಷ್ಟ ಓದಿಗೆ ಇದು ವಿರೋಧಾಭಾಸ. ನಮಗೆ ಎರಡೂ ಒಂದೇ ಬದುಕಿನವು.

ಈ ಹಿನ್ನೆಲೆಯಲ್ಲಿ 'ಚೋಮನ ದುಡಿ'ಯನ್ನು (1933) ಮತ್ತೆ ಓದಬೇಕು. ಚೋಮನ ಬಳಿ ಒಂದು ಜೊತೆ ಎತ್ತಿದೆ, ಉಳಲು ನೆಲವಿಲ್ಲ. ಧಣಿ ಸಂಕಪ್ಪಯ್ಯನಿಗೆ ಮನಸ್ಸಿದ್ದರೂ ಅವನ ತಾಯಿ ಒಪ್ಪುವುದಿಲ್ಲ. ನಾವು ದುಡಿಯ ಸದ್ದನ್ನು ಕೇಳಿದೆವು, ಎತ್ತನ್ನು ಆಸೆಯ ಪ್ರತಿಮೆ ಅಂತ ಓದಿ ಮುಂದೆ ಹೋದೆವು. ಆದರೆ ಎತ್ತು ದಿನಾ ಮೇವು ಕೇಳುವ ಜೀವ. ನೆಲವಿಲ್ಲದವನು ದನ ಸಾಕಿದರೆ ಹುಲ್ಲು ಎಲ್ಲಿಂದ ಬರಬೇಕು? ಇನ್ನೊಬ್ಬರ ಬದುವಿನಿಂದ, ಗೋಮಾಳದಿಂದ, ಕಾಡಿನಂಚಿನಿಂದ. ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು ಕರ್ನಾಟಕದ ಭೂಕಂದಾಯ ನಿಯಮ ಹೇಳುತ್ತದೆ. ನಮ್ಮೂರ ಗೋಮಾಳ ಯಾರ್ಯಾರ ಬೇಲಿಯೊಳಗೆ ಸೇರಿದೆ ಅಂತ ಊರಿಗೆಲ್ಲ ಗೊತ್ತು. ಅವ್ವ ಹೊತ್ತು ತಂದ ಹುಲ್ಲಿನ ಹೊರೆಯನ್ನು ಬದುವಿನ ಒಡೆಯ ದಾರಿಯಲ್ಲೇ ಇಳಿಸಿದ್ದನ್ನು ಕಂಡಿದ್ದೇನೆ. 'ಹುಲ್ಲ ನೀವು ಬಿತ್ತಿದ್ರಾ ಬುದ್ದಿ?' ಅಂದಿದ್ದಳು. ಹುಲ್ಲಿಗೂ ಜಾತಿಯುಂಟು.

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದಾಗ ಗಲಭೆಯೆದ್ದು ಅವರು ಮಂತ್ರಿಗಿರಿ ಬಿಡಬೇಕಾಯಿತು. ದಲಿತ ಚಳವಳಿಗೆ ಅದೇ ಕಿಡಿಯಾಯಿತು. ನಮ್ಮ ಮನೆಯಲ್ಲಿ ಬೂಸಾ ಬೈಗುಳವಾಗಿರಲಿಲ್ಲ, ಕೊಳ್ಳಲಾಗದ ಸಾಮಾನಾಗಿತ್ತು. ಅದಕ್ಕೇ ನಮ್ಮ ದನ ಬರೀ ಹುಲ್ಲಿನಲ್ಲಿ ಬೆಳೆದವು. ಆ ಹುಲ್ಲೆಲ್ಲ ಅವ್ವನ ಬೆನ್ನು, ಕುತ್ತಿಗೆಯ ಲೆಕ್ಕ.

ಈಗ ನಮ್ಮನ್ನೇ ಕೇಳಿಕೊಳ್ಳೋಣ. ದನದ ಮಾಂಸಕ್ಕೂ ಅಸ್ಪೃಶ್ಯತೆಗೂ ಇರುವ ನಂಟನ್ನು ಅಂಬೇಡ್ಕರ್ 1948ರಲ್ಲೇ ಎತ್ತಿ ತೋರಿಸಿದರು. ಅಲ್ಲಿಂದ ಬಲ ಪಡೆದು ನಾವು ಅದನ್ನು ಪ್ರತಿಭಟನೆಯ ಸಂಕೇತ ಮಾಡಿದೆವು. ಅದು ಬೇಕಿತ್ತು. ಆದರೆ ತಟ್ಟೆಯಿಂದಲೇ ಶುರುವಾಗುವ ವಿಮರ್ಶೆಗೆ ಹೊರೆ ಹೊತ್ತ ಹೆಂಗಸು ಕಾಣುವುದಿಲ್ಲ. 1964ರ ಕಾಯ್ದೆ 12 ವರ್ಷ ದಾಟಿದ ಎತ್ತಿನ ವಧೆಗೆ ಅವಕಾಶ ಕೊಟ್ಟಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಎಲ್ಲ ವಯಸ್ಸಿನ ಹಸು, ಹೋರಿ, ಎತ್ತುಗಳ ವಧೆಯನ್ನು ನಿಷೇಧಿಸಿತು. ನಾವು ಆಹಾರದ ಹಕ್ಕಿನ ಬಗ್ಗೆ ಬರೆದೆವು, ಸರಿ. ಮುದಿ ಎತ್ತಿನ ಬೆಲೆ ಬಿದ್ದು, ಹೊಸ ಕರು ಕೊಳ್ಳುವ ದುಡ್ಡೂ ಹೋಗಿ, ಅಪ್ಪನ ಕೊಟ್ಟಿಗೆ ಬರಿದಾದ ಬಗ್ಗೆ ಬರೆಯಲಿಲ್ಲ. ನಾನೂ ಬರೆಯಲಿಲ್ಲ.

ಆದ್ದರಿಂದ ದನ ಬರುವ ಯಾವ ಕೃತಿಗಾದರೂ ಮೂರು ಪ್ರಶ್ನೆ ಹಾಕಬೇಕು: ಹುಲ್ಲು ಕೊಯ್ದವರು ಯಾರು? ಅದು ಯಾರ ನೆಲದ್ದು? ದುಡಿದು ಮುದಿಯಾದ ಮೇಲೆ ಆ ಜೀವದ ಬೆಲೆ ಯಾರ ಕೈಸೇರಿತು? ದಲಿತ ಲೇಖಕರ ಕೃತಿಗಳಿಗೂ ಇದರಿಂದ ವಿನಾಯಿತಿ ಬೇಡ.

ಆ ಹುಡುಗನಿಗೆ, 'ಹಾಡು ಅಲ್ಲಿಗೆ ನಿಲ್ಲುತ್ತೆ ಕಣಪ್ಪ, ಮುಂದಿಂದು ನಿಮ್ಮವ್ವನ್ನ ಕೇಳ್ಕೊಂಡು ಬರಿ' ಅಂದೆ. ಒಂದೂವರೆ ಪುಟ ಬರೆದು ತಂದ. ನಾನು ಒಳ್ಳೆಯ ಅಂಕ ಕೊಟ್ಟೆ. 'ಇದು ವಿಮರ್ಶೆಯಲ್ಲ ಕಣ್ರೀ' ಎಂದರು ಸಹೋದ್ಯೋಗಿಯೊಬ್ಬರು. ಆ ಜಗಳ ಇನ್ನೂ ಮುಗಿದಿಲ್ಲ. ಮುಗಿಸುವ ಆತುರ ನನಗೂ ಇಲ್ಲ.