ಮೊದಲು ಬಾಲ ನೋಡಿ, ಬಣ್ಣ ಆಮೇಲೆ

ತೇರಿನ ಮಿಣಿ ಹಿಡಿದ ನೂರಾರು ಜನ ಒಟ್ಟಿಗೇ ಕತ್ತೆತ್ತಿ ಆಕಾಶ ನೋಡುವ ಗಳಿಗೆಯೊಂದು ನಮ್ಮ ನಾಡಿನ ಹಲವು ಜಾತ್ರೆಗಳಲ್ಲಿ ಬರುತ್ತದೆ. ಗರುಡ ಬಂದು ಕಳಶದ ಮೇಲೆ ಸುತ್ತು ಹಾಕಿದ ಮೇಲೆಯೇ ತೇರು ಎಳೆಯುವುದು ಅಲ್ಲಿನ ರೂಢಿ. ಯಾರೋ ‘ಅಗೋ ಬಂತು’ ಎಂದು ಕೈ ಮುಗಿಯುತ್ತಾರೆ. ಪಕ್ಕದ ಅಜ್ಜಿ ‘ಅದಲ್ಲಪ್ಪ, ಅದು ಹದ್ದು’ ಎನ್ನುತ್ತಾಳೆ. ಅಜ್ಜಿಯ ಕೈಯಲ್ಲಿ ದುರ್ಬೀನು ಇರುವುದಿಲ್ಲ, ಆದರೂ ಅವಳ ಮಾತು ಹೆಚ್ಚಾಗಿ ನಿಜವೇ ಆಗಿರುತ್ತದೆ.

ಕೆಂಗಂದು ಮೈ, ಬೆಳ್ಳನೆಯ ತಲೆ, ಬೆಳ್ಳನೆಯ ಎದೆ ಕಂಡರೆ ಗರುಡ ಎಂಬುದು ಅವಳ ಲೆಕ್ಕ. ಬಲಿತ ಗರುಡನ ಮಟ್ಟಿಗೆ ಈ ಲೆಕ್ಕ ತಪ್ಪುವುದಿಲ್ಲ. ಗೂಡು ಬಿಟ್ಟ ಹೊಸದರಲ್ಲಿ ಮರಿ ಗರುಡ ಮಾತ್ರ ಹದ್ದಿನಂತೆಯೇ ಕಂದು. ಆಗ ನೆರವಿಗೆ ಬರುವುದು ಬಾಲ. ಹದ್ದಿನ ಬಾಲದ ತುದಿ ನಡುವೆ ಒಳಸರಿದು ಕವಲಾಗಿರುತ್ತದೆ. ಗರುಡನದು ಮರಿಯಿಂದ ಮುದಿತನದವರೆಗೂ ದುಂಡಗೆ.

ಬೇಟೆಹಕ್ಕಿಗಳನ್ನು ಗುರುತಿಸಲು ಕಲಿಯುವವರು ಮೊದಲ ದಿನವೇ ಮನಸ್ಸಿಗೆ ಹಾಕಿಕೊಳ್ಳಬೇಕಾದ ಪಾಠ ಇದು. ನಡು ಮಧ್ಯಾಹ್ನದ ಬಿಸಿಲಿಗೆ ಎದುರಾಗಿ ಹಾರುವ ಹಕ್ಕಿ, ಅದರ ಬಣ್ಣ ಯಾವುದೇ ಇರಲಿ, ನೆಲದಿಂದ ಕಪ್ಪಾಗಿಯೇ ಕಾಣುತ್ತದೆ. ಒಂದೇ ಜಾತಿಯಲ್ಲಿ ಮರಿಗೊಂದು ಬಣ್ಣ, ಬಲಿತದ್ದಕ್ಕೆ ಇನ್ನೊಂದು. ಜೇನುಗೂಡಿಗೆ ಲಗ್ಗೆ ಹಾಕಿ ಹುಳುಗಳನ್ನು ತಿನ್ನುವ ಜೇನುಗಿಡುಗದಲ್ಲಂತೂ ಬೆಳ್ಳಗಿನದರಿಂದ ಕಡುಗಂದಿನವರೆಗೆ ಹತ್ತಾರು ಛಾಯೆಗಳಿವೆ. ಆ ಎಲ್ಲ ಛಾಯೆಗಳಲ್ಲೂ ಬದಲಾಗದೆ ಉಳಿಯುವುದು ಪಾರಿವಾಳದ್ದನ್ನು ಹೋಲುವ ಸಣ್ಣ ತಲೆ, ಮುಂದಕ್ಕೆ ಚಾಚಿದ ನೀಳ ಕತ್ತು.

ಹಾಗಾಗಿ ನುರಿತವರು ಮೊದಲು ಬಾಲ ನೋಡುತ್ತಾರೆ, ಆಮೇಲೆ ರೆಕ್ಕೆ ಹಿಡಿದ ಬಗೆ, ಆಮೇಲೆ ಹಾರಾಟದ ವರಸೆ. ಬಣ್ಣದ ಸರದಿ ಕೊನೆಗೆ.

ಎಲ್ಲಕ್ಕೂ ಅಳತೆಗೋಲು ಹದ್ದು. ಊರಿನ ಕಸದ ತಿಪ್ಪೆ, ಮೀನು ಮಾರುಕಟ್ಟೆ, ಕೆರೆ ಏರಿ, ಎಲ್ಲೆಂದರಲ್ಲಿ ಸಿಗುವ ಈ ಹಕ್ಕಿಯನ್ನು ಒಂದು ವಾರ ಬಿಡದೆ ನೋಡಿದವರಿಗೆ ಉಳಿದವು ಅರ್ಧ ಕಲಿತಂತೆ. ಹದ್ದು ಬಾಲವನ್ನು ಚುಕ್ಕಾಣಿಯ ಹಾಗೆ ಆ ಕಡೆ ಈ ಕಡೆ ತಿರುಚುತ್ತಲೇ ಹಾರುತ್ತದೆ. ಬಾಲವನ್ನು ಪೂರ್ತಿ ಬಿಚ್ಚಿದಾಗ ಕವಲು ಮಾಯವಾಗಿಬಿಡುತ್ತದೆ, ಹೊಸಬರು ಎಡವುವುದು ಇಲ್ಲಿಯೇ. ಚಳಿಗಾಲದಲ್ಲಿ ವಲಸೆ ಬರುವ ಬೂಟೆಡ್ ಈಗಲ್‌ನ ಕಪ್ಪು ಬಗೆಯದು ಹದ್ದುಗಳ ಗುಂಪಿನಲ್ಲಿ ಹದ್ದೇ ಆಗಿ ಸುತ್ತುತ್ತಿರುತ್ತದೆ. ಅದು ಬಾಲ ತಿರುಚುವುದಿಲ್ಲ. ಎದುರಿನಿಂದ ಹಾರಿ ಬಂದಾಗ ರೆಕ್ಕೆ ಕತ್ತಿಗೆ ಸೇರುವಲ್ಲಿ ಎರಡು ಬಿಳಿ ಚುಕ್ಕೆಗಳು ಪುಟ್ಟ ದೀಪಗಳಂತೆ ಹೊಳೆಯುತ್ತವೆ.

ಬಯಲುಸೀಮೆಯ ಹುಲ್ಲುಗಾವಲಿಗೆ ಹೋದರೆ ಹಾವುಗಿಡುಗ ಸಿಗುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಬಯಲು ಇದಕ್ಕೆ ಹೇಳಿ ಮಾಡಿಸಿದ ಜಾಗ. ಕೆಳಗಿನಿಂದ ಮೈಯೆಲ್ಲ ಬೆಳ್ಳಗೆ, ಕುಲಾವಿ ತೊಡಿಸಿದಂತೆ ತಲೆ ಮತ್ತು ಗಂಟಲು ಮಾತ್ರ ಕಂದು. ಗೂಬೆಯ ಹಾಗೆ ದಪ್ಪ ತಲೆ, ಹಳದಿ ಕಣ್ಣು. ಇದರ ನಿಜವಾದ ಗುರುತು ಹಾರಾಟದಲ್ಲಿದೆ: ಇಷ್ಟು ದೊಡ್ಡ ಹಕ್ಕಿ ಗಾಳಿಗೆ ಮುಖಮಾಡಿ, ರೆಕ್ಕೆ ಬಡಿಯುತ್ತಾ, ಕಾಲು ಇಳಿಬಿಟ್ಟು ನಿಂತಲ್ಲೇ ನಿಲ್ಲುತ್ತದೆ. ಹುಲ್ಲಿನಲ್ಲಿ ಹಾವು ಸರಿದಾಡಿದರೆ ಮೆಟ್ಟಿಲಿಳಿದಂತೆ ಹಂತಹಂತವಾಗಿ ಕೆಳಗಿಳಿದು ಎರಗುತ್ತದೆ. ಹಾವನ್ನು ಇಡಿಯಾಗಿ ನುಂಗುವ ಹಕ್ಕಿ ಇದು. ಎಷ್ಟೋ ಸಲ ಕೊಕ್ಕಿನಿಂದ ಬಾಲದ ತುಣುಕು ಜೋಲುತ್ತಿರುವಾಗಲೇ ಮೇಲೇಳುತ್ತದೆ.

ಮಲೆನಾಡಿನ ಕಡೆ ಹೋದಂತೆ ಹಾವು ಹಿಡಿಯುವ ಕೆಲಸ ಪನ್ನಗಾರಿಯದು. ಕಾಡಂಚಿನ ಒಣ ಕೊಂಬೆಯ ಮೇಲೆ ನೆಟ್ಟಗೆ ಕುಳಿತಿದ್ದರೆ ಹಳದಿ ಮುಖ, ಕುತ್ತಿಗೆಯ ಹಿಂದೆ ಕಪ್ಪು ಜುಟ್ಟು ಕಾಣುತ್ತದೆ. ಹಾರುವಾಗ ರೆಕ್ಕೆಯ ಹಿಂಬದಿಯುದ್ದಕ್ಕೂ ಅಗಲವಾದ ಬಿಳಿ ಪಟ್ಟಿ, ಬಾಲಕ್ಕೂ ಅಂಥದೇ ಇನ್ನೊಂದು. ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಸುತ್ತುವುದು ಇದರ ರೀತಿ. ಬಹಳಷ್ಟು ಸಲ ಹಕ್ಕಿ ಕಾಣುವ ಮೊದಲೇ ಅದರ ಉದ್ದನೆಯ ಸಿಳ್ಳೆ ಕಿವಿಗೆ ಬಿದ್ದಿರುತ್ತದೆ.

ಕರಾವಳಿಯಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು. ಮುರುಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆಯ ಮರಗಳಲ್ಲಿ ಇವುಗಳ ಗೂಡುಗಳಿವೆ. ಬೆಣೆಯಾಕಾರದ ಗಿಡ್ಡ ಬಾಲ, ಹಾರುವಾಗ ಮೇಲಕ್ಕೆತ್ತಿದ ಅಗಲ ರೆಕ್ಕೆ. ಒಮ್ಮೆ ಕಂಡವರು ಮತ್ತೆ ಪುಸ್ತಕ ತೆರೆಯಬೇಕಿಲ್ಲ.

ಈ ಹಕ್ಕಿಗಳಿಗಾಗಿ ಕೋಳಿ ಕೂಗುವ ಹೊತ್ತಿಗೇ ಏಳಬೇಕಿಲ್ಲ. ನೆಲ ಕಾದು ಬಿಸಿಗಾಳಿ ಮೇಲೇಳತೊಡಗಿದ ಮೇಲೆ, ಸುಮಾರು ಒಂಬತ್ತು ಹತ್ತು ಗಂಟೆಗೆ, ಅವು ಅದರ ಬಲದಿಂದ ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತವೆ. ಗಾತ್ರದ ಅಂದಾಜು ಸಿಗದಿದ್ದರೆ ಕಾಗೆಗಳಿಗಾಗಿ ಕಾಯಬೇಕು. ದೊಡ್ಡ ಹಕ್ಕಿ ಕಂಡಲ್ಲಿ ಅವು ಅಟ್ಟಿಸಿಕೊಂಡು ಹೋಗುವುದು ಖಂಡಿತ, ಪಕ್ಕದಲ್ಲಿ ಹಾರುವ ಕಾಗೆಯೇ ಅಳತೆಯಾಗುತ್ತದೆ.

ಹಳ್ಳಿಗಳಿಂದ ‘ರಣಹದ್ದು ಕಂಡೆವು’ ಎಂಬ ಸುದ್ದಿ ಬಂದಾಗ ಈ ಕಣ್ಣಳತೆಯ ಬೆಲೆ ತಿಳಿಯುತ್ತದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಂದಿತು. ಪಶುಗಳಿಗೆ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸುವ ಹೊತ್ತಿಗೆ ಹಿಂಡುಗಳು ಬರಿದಾಗಿದ್ದವು. ಹೆಣ್ಣು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಉಳಿದವು ಬೆರಳೆಣಿಕೆಯಷ್ಟಿರುವಾಗ, ಹದ್ದನ್ನು ರಣಹದ್ದೆಂದು ಬರೆದುಕೊಂಡರೆ ಎಣಿಕೆಯೇ ಸುಳ್ಳಾಗುತ್ತದೆ.

ರಣಹದ್ದಿನ ರೆಕ್ಕೆ ಹಲಗೆಯಂತೆ ಅಗಲ, ತುದಿಗರಿಗಳು ಬೆರಳು ಬಿಡಿಸಿದಂತೆ. ಬಾಲ ಮೋಟು, ತಲೆ ಇದೆಯೋ ಇಲ್ಲವೋ ಎಂಬಷ್ಟು ಚಿಕ್ಕದು. ಎರಡು ಮೀಟರಿಗೂ ಮೀರಿ ಚಾಚಿದ ರೆಕ್ಕೆಗಳನ್ನು ಅಲುಗಿಸದೆ ತೇಲುತ್ತದೆ. ಕಣ್ಣಾರೆ ನೋಡಬೇಕೆನ್ನುವವರು 2012ರಲ್ಲಿ ರಣಹದ್ದು ಧಾಮವಾದ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಬಹುದು. ಬಂಡೆಯ ಕಡಿದಾದ ಮುಖದಲ್ಲಿ ಸುಣ್ಣ ಸುರಿದಂತೆ ಬಿಳಿ ಗೆರೆಗಳು ಇಳಿದಿರುವ ಚಾಚುಗಳನ್ನು ಹುಡುಕಬೇಕು. ಅವು ಹಿಕ್ಕೆಯ ಗುರುತು. ಉದ್ದಕೊಕ್ಕಿನ ರಣಹದ್ದು ಕೂರುವುದು, ಗೂಡು ಕಟ್ಟುವುದು ಅಂಥ ಕಡೆ. ದುರ್ಬೀನನ್ನು ಅಲ್ಲಿಗೇ ನೆಟ್ಟು, ಬಿಸಿಲೇರುವವರೆಗೆ ಕಾಯಬೇಕು.